ನನ್ನ ಫೋನನ್ನು ಯಾರಾದರೂ ಕದ್ದು ಕೇಳುತ್ತಿದ್ದರೆ ನನಗೆ ಹೇಳುವವರು ಯಾರು?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕೆರೆ ಒತ್ತುವರಿಯ ವಿರುದ್ಧ ಏಳೆಂಟು ಜನ ಸೇರಿ ಒಂದು ಸಮಿತಿ ಮಾಡಿಕೊಂಡಿದ್ದೇವೆ. ಎರಡು ತಿಂಗಳ ಹಿಂದೆ ಒಂದು ರಾತ್ರಿ ಗೆಳೆಯನಿಗೆ ಫೋನ್ ಮಾಡಿ, ಗುರುವಾರ ಬೆಳಿಗ್ಗೆ ಹೋಗಿ ಕಿತ್ತೆಸೆದಿರುವ ಸರ್ವೆ ಕಲ್ಲುಗಳ ಫೋಟೊ ತೆಗೆಯೋಣ ಎಂದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಮರುದಿನ ಬೇರೇನೋ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದಾಗ ಅಲ್ಲಿನ ಅಧಿಕಾರಿಯೊಬ್ಬರು ನಗುತ್ತಾ, “ಗುರುವಾರ ಕ್ಯಾಮೆರಾ ಹಿಡಿದು ಹೊರಡುತ್ತೀರಂತೆ?” ಎಂದರು. ನನಗೆ ಬೆವರು ಬಂತು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ನನ್ನ ಸಂಖ್ಯೆಯ ಮೇಲೆ ಕದ್ದಾಲಿಕೆ ಆದೇಶವೇನಾದರೂ ಇದೆಯೇ, ಇದ್ದರೆ ಯಾವ ದಿನಾಂಕದ್ದು, ಇಷ್ಟೇ ಪ್ರಶ್ನೆ. ಕೊಡಲು ಬರುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂದಿದೆ. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ದೇಶದ ಭದ್ರತೆಗೆ ಗುಪ್ತಚರರು ಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಇದನ್ನು ತಿಳಿಯಲು ಬೇರೆ ದಾರಿಯೇ ಇಲ್ಲವೇ?

ಗುಬ್ಬಚ್ಚಿ
ಸ್ಟಾರ್ ಹ್ಯಾಷ್ 21 ಹ್ಯಾಷ್ ಒತ್ತಿ ನೋಡಿ. ಕದ್ದಾಲಿಕೆ ಇದ್ದರೆ ತೋರಿಸುತ್ತದೆ.

ಬಿಟ್‌ಬೈಟ್
ದಯವಿಟ್ಟು ಈ ಸುಳ್ಳನ್ನು ಇನ್ನಷ್ಟು ಹಬ್ಬಿಸಬೇಡಿ. ಆ ಸಂಕೇತ ತೋರಿಸುವುದು ನಿಮ್ಮ ಕರೆಗಳು ಬೇರೆ ಸಂಖ್ಯೆಗೆ ಫಾರ್ವರ್ಡ್ ಆಗುತ್ತಿವೆಯೇ ಎನ್ನುವುದನ್ನು ಮಾತ್ರ. ಸರ್ಕಾರಿ ಕದ್ದಾಲಿಕೆ ನಡೆಯುವುದು ಮೊಬೈಲ್ ಕಂಪನಿಯ ಜಾಲದೊಳಗೆ. ನಿಮ್ಮ ಕೈಯಲ್ಲಿರುವ ಫೋನಿಗೆ ಅದರ ಸುಳಿವೇ ಇರುವುದಿಲ್ಲ. ಕರಕರ ಸದ್ದು, ಬೇಗ ಖಾಲಿಯಾಗುವ ಬ್ಯಾಟರಿ ಇವುಗಳಿಂದಲೂ ಅದು ತಿಳಿಯುವುದಿಲ್ಲ. ಪೆಗಾಸಸ್‌ನಂತಹ ಕುತಂತ್ರಾಂಶವನ್ನು ಫೋನಿನೊಳಗೇ ಸೇರಿಸಿದರೆ ಮಾತು ಬೇರೆ. ಅದನ್ನು ಪತ್ತೆ ಮಾಡಲು ಪ್ರಯೋಗಾಲಯವೇ ಬೇಕು.

ಹಳೆಯ ಲೈನ್‌ಮನ್
ಕರಕರ ಸದ್ದಿನ ಕಾಲದವನು ನಾನು. ಮೂವತ್ತು ವರ್ಷ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ದುಡಿದು ನಿವೃತ್ತನಾದೆ. ಆಗ ಕದ್ದಾಲಿಕೆ ಎಂದರೆ ಊರಿನ ಎಲ್ಲ ತಂತಿಗಳು ಬಂದು ಸೇರುವ ಎಂಡಿಎಫ್ ಚೌಕಟ್ಟಿನ ಹಿಂದೆ ಹೋಗಿ, ಬೇಕಾದ ಜೋಡಿ ತಂತಿಯಿಂದ ಇನ್ನೊಂದು ಜಂಪರ್ ಎಳೆದು ಅವರು ಹೇಳಿದ ಕಡೆಗೆ ಕೊಡುವುದು. ಹತ್ತು ನಿಮಿಷದ ಕೆಲಸ. ಜೋಡಣೆ ಸಡಿಲವಾಗಿದ್ದರೆ ನಿಜವಾಗಿಯೂ ಸದ್ದು ಬರುತ್ತಿತ್ತು. ಗ್ರಾಹಕರು ಸದ್ದು ಬರುತ್ತಿದೆ ಎಂದು ದೂರು ಬರೆಸುತ್ತಿದ್ದರು, ಆ ದೂರನ್ನು ಸರಿಪಡಿಸಲು ಕಳುಹಿಸುತ್ತಿದ್ದುದೂ ನನ್ನನ್ನೇ!

ಆದೇಶದ ಪ್ರತಿ ಎಲ್ಲಿದೆ ಎಂದು ಒಮ್ಮೆ ಮಾತ್ರ ಕೇಳಿದೆ. “ಮೇಲಿನಿಂದ ಹೇಳಿದ್ದಾರೆ” ಎಂದರು. ಎರಡನೆಯ ಸಲ ಕೇಳುವ ಧೈರ್ಯವಾಗಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದರು.

ಕಲಂ ಇಪ್ಪತ್ತೊಂದು
ಕೆರೆದಂಡೆ ಅವರೇ, ಕಾನೂನಿನ ಸ್ಥಿತಿ ಹೇಳುತ್ತೇನೆ, ಬೇಸರಪಡಬೇಡಿ. ನಿಮಗೆ ಬಂದ ಉತ್ತರ ಇಂದಿನ ಕಾನೂನಿನ ಪ್ರಕಾರ ಅನಿರೀಕ್ಷಿತವೇನಲ್ಲ. ಇಂಥದೇ ಪ್ರಶ್ನೆ ದೆಹಲಿ ಹೈಕೋರ್ಟ್‌ಗೆ ಹೋಗಿತ್ತು. ಕದ್ದಾಲಿಕೆಯ ವಿವರ ಮಾಹಿತಿ ಹಕ್ಕು ಕಾಯ್ದೆಯ 8ನೆಯ ಕಲಂನ ವಿನಾಯಿತಿಯೊಳಗೆ ಬರುತ್ತದೆ ಎಂದು ಅದು 2023ರಲ್ಲಿ ಹೇಳಿತು. ಇದಲ್ಲದೆ 24ನೆಯ ಕಲಂ ಪ್ರಕಾರ ಗುಪ್ತಚರ ಸಂಸ್ಥೆಗಳು ಆ ಕಾಯ್ದೆಯ ಹೊರಗಿವೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪವಿದ್ದರೆ ಮಾತ್ರ ಒಂದು ಸಣ್ಣ ಕಿಂಡಿ ಉಂಟು.

ಇನ್ನು ಆದೇಶ ಹೊರಡಿಸುವ ಕ್ರಮ. 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೆಯ ಕಲಂ, ಈಗ ಅದರ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆಯ 20(2). ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇರಬೇಕು. ಕೇಂದ್ರದಲ್ಲಾದರೆ ಗೃಹ ಕಾರ್ಯದರ್ಶಿ, ರಾಜ್ಯದಲ್ಲಾದರೆ ರಾಜ್ಯದ ಗೃಹ ಕಾರ್ಯದರ್ಶಿ ಸಹಿ ಹಾಕಬೇಕು. ಒಂದು ಆದೇಶಕ್ಕೆ 60 ದಿನ ಆಯುಷ್ಯ, ವಿಸ್ತರಿಸಿದರೂ 180 ದಿನ ಮೀರುವಂತಿಲ್ಲ. ಆ ಮೇಲೆ ಪರಿಶೀಲನಾ ಸಮಿತಿ ನೋಡಬೇಕು. ಕೆರೆ ಒತ್ತುವರಿಯ ಫೋಟೊಗಾಗಿ ಇಷ್ಟೆಲ್ಲ ನಡೆಯಿತೆಂದರೆ ನಂಬುವುದು ಕಷ್ಟ. ನಡೆದಿದ್ದರೆ ಅದು ಕಾನೂನುಬಾಹಿರ.

ಖಾಕಿ ನಿವೃತ್ತ
ವಕೀಲರು ಸರಿಯಾಗಿ ಹೇಳಿದರು. ನಾನು ಪೊಲೀಸ್ ಇಲಾಖೆಯಲ್ಲಿದ್ದವನು, ಅದರಲ್ಲಿ ನಾಲ್ಕು ವರ್ಷ ಗುಪ್ತವಾರ್ತೆಯಲ್ಲಿ. ಜನ ಅಂದುಕೊಂಡಂತೆ ನಾವು ಹಗಲಿರುಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿರುವುದಿಲ್ಲ. ಒಂದು ಸಂಖ್ಯೆಯನ್ನು ಸರಿಯಾಗಿ ಕೇಳಲು ಮೂರು ಪಾಳಿಯ ಸಿಬ್ಬಂದಿ ಬೇಕು, ಭಾಷೆ ಬಲ್ಲವರು ಬೇಕು. ಕೆರೆ ಸಮಿತಿಯ ಮಾತು ಕೇಳಲು ಯಾರಿಗೆ ಪುರುಸೊತ್ತು? ಗುಪ್ತವಾರ್ತೆಯ ಮುಕ್ಕಾಲು ಪಾಲು ಮಾಹಿತಿ ಬರುವುದು ಮನುಷ್ಯರ ಬಾಯಿಂದಲೇ. ನಿಮ್ಮ ಸಮಿತಿಯಲ್ಲೇ ಯಾರೋ ಬಾಯಿಬಿಟ್ಟಿದ್ದಾರೆ.

ಇನ್ನೊಂದು ಮಾತು. 2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿದವರ ಫೋನುಗಳನ್ನು ಆಲಿಸಿದ್ದರಿಂದಲೇ ಗಡಿಯಾಚೆಯಿಂದ ಅವರನ್ನು ಆಡಿಸುತ್ತಿದ್ದವರ ಧ್ವನಿ ಲೋಕಕ್ಕೆ ಕೇಳಿಸಿತು. ತಪ್ಪು ಮಾಡದವನು ಹೆದರುವುದೇಕೆ?

ತುಂಗಾತೀರ
ಆ ಕೊನೆಯ ವಾಕ್ಯಕ್ಕಾಗಿಯೇ ಕಾಯುತ್ತಿದ್ದೆ. ಹಾಗಾದರೆ ತಪ್ಪು ಮಾಡದವನು ಮನೆಗೆ ಕದ, ಕದಕ್ಕೆ ಅಗುಳಿ ಹಾಕುವುದೇಕೆ ಸ್ವಾಮಿ?

ಖಾಕಿ ನಿವೃತ್ತ
ಕದ ಹಾಕಿಕೊಳ್ಳಿ, ಬೇಡ ಎಂದವರು ಯಾರು? ಒಳಗೆ ಬಾಂಬು ಕಟ್ಟುತ್ತಿದ್ದರೆ ಕದ ಒಡೆಯುವ ಅಧಿಕಾರ ಒಬ್ಬರಿಗೆ ಇರಬೇಕು, ಅಷ್ಟೇ.

ತುಂಗಾತೀರ
ಇರಲಿ. ಬಾಂಬು ಇದೆ ಎಂದು ತೀರ್ಮಾನಿಸುವವರು, ಕದ ಒಡೆಯುವವರು, ಒಡೆದದ್ದು ಸರಿಯೇ ಎಂದು ವಿಚಾರಿಸುವವರು, ಮೂವರೂ ಒಂದೇ ಮನೆಯವರಾದರೆ?

ಅಂಕಿಸಂಖ್ಯೆ
ಕಲಂ ಇಪ್ಪತ್ತೊಂದು ಹೇಳಿದ ಪರಿಶೀಲನಾ ಸಮಿತಿಯ ಬಗ್ಗೆ ಸ್ವಲ್ಪ ಲೆಕ್ಕ ಮಾಡೋಣ. ಕೇಂದ್ರದಲ್ಲಿ ಅದರ ಅಧ್ಯಕ್ಷರು ಸಂಪುಟ ಕಾರ್ಯದರ್ಶಿ, ಜೊತೆಗೆ ಕಾನೂನು ಮತ್ತು ದೂರಸಂಪರ್ಕ ಇಲಾಖೆಯ ಕಾರ್ಯದರ್ಶಿಗಳು. ಮೂವರೂ ಸರ್ಕಾರದವರು. ಎರಡು ತಿಂಗಳಿಗೆ ಒಮ್ಮೆ ಸೇರುತ್ತಾರೆ. ದತ್ತಾಂಶ ರಕ್ಷಣೆಯ ಬಗ್ಗೆ 2018ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯೇ ಹೇಳಿದೆ: ಪ್ರತಿ ಸಭೆಯಲ್ಲಿ ಇವರ ಮುಂದೆ ಬರುವ ಆದೇಶಗಳು 15,000ದಿಂದ 18,000.

ಮೂವರೂ ಬೆಳಗಿನಿಂದ ಸಂಜೆಯವರೆಗೆ ಎಂಟು ಗಂಟೆ, ನೀರು ಕುಡಿಯಲೂ ಏಳದೆ ಕುಳಿತರು ಎನ್ನಿ. 28,800 ಸೆಕೆಂಡು. 15,000ದಿಂದ ಭಾಗಿಸಿದರೆ ಒಂದು ಆದೇಶಕ್ಕೆ ಎರಡು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಹೆಸರನ್ನೂ ಪೂರ್ತಿ ಓದಲು ಆಗುವುದಿಲ್ಲ.

ಗುಬ್ಬಚ್ಚಿ
ನಮ್ಮ ಹೆಸರುಗಳ ಉದ್ದಕ್ಕಂತೂ ಸಾಧ್ಯವೇ ಇಲ್ಲ.

ಖಾಕಿ ನಿವೃತ್ತ
ಅಂಕಿಸಂಖ್ಯೆ ಅವರೇ, ಈ ಲೆಕ್ಕ ನನಗೂ ಹೊಸದು. ಸರಿಯಿಲ್ಲ ಎಂದು ಒಪ್ಪುತ್ತೇನೆ. ಆದರೆ ಪರಿಹಾರವೇನು? ಎಲ್ಲದಕ್ಕೂ ನ್ಯಾಯಾಧೀಶರ ಬಳಿ ಓಡುವುದೇ? ಒಂದು ಮಗುವನ್ನು ಅಪಹರಿಸಿದ್ದಾರೆ, ರಾತ್ರಿ ಎರಡು ಗಂಟೆ, ಅಪಹರಣಕಾರ ಸಿಮ್ ಬದಲಿಸುತ್ತಿದ್ದಾನೆ. ಆಗ ನಾನು ನ್ಯಾಯಾಧೀಶರ ಬಾಗಿಲು ತಟ್ಟುತ್ತಾ ನಿಲ್ಲಲೇ?

ಕಲಂ ಇಪ್ಪತ್ತೊಂದು
ರಾತ್ರಿ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ದು ಹಾಜರುಪಡಿಸುವ ರೂಢಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು ಸರ್. ಅದೂ ಬೇಡ ಎಂದರೆ ತುರ್ತು ದಾರಿ ಈಗಲೂ ಇದೆ. ರಾಜ್ಯದಲ್ಲಿ ಐಜಿಪಿ ಹುದ್ದೆಗೆ ಕಡಿಮೆಯಿಲ್ಲದ ಅಧಿಕಾರಿ ಮೊದಲು ಶುರುಮಾಡಿಸಬಹುದು, ಮೂರು ಕೆಲಸದ ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು, ಏಳರೊಳಗೆ ಒಪ್ಪಿಗೆ ಬರದಿದ್ದರೆ ನಿಲ್ಲಿಸಬೇಕು. ಆ ಏಳನೆಯ ದಿನ ಒಪ್ಪಿಗೆ ಕೊಡುವವರು ಗೃಹ ಕಾರ್ಯದರ್ಶಿಯ ಬದಲು ನ್ಯಾಯಾಧೀಶರಾಗಲಿ ಎನ್ನುವುದಷ್ಟೇ ವಾದ. ಅಪಹರಣವಾದ ಮಗುವಿನ ಕಥೆಗೆ ಇದರಿಂದ ಒಂದು ನಿಮಿಷವೂ ತಡವಾಗುವುದಿಲ್ಲ.

ಈ ವಾದ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಬಗ್ಗೆ ನಾಗರಿಕ ಸ್ವಾತಂತ್ರ್ಯ ಸಂಘಟನೆ ಪಿಯುಸಿಎಲ್ ಹಾಕಿದ ಅರ್ಜಿಯಲ್ಲಿ ಅದರ ವಕೀಲ ರಾಜಿಂದರ್ ಸಾಚಾರ್ ಅವರು ಮೊದಲೇ ನ್ಯಾಯಾಲಯದ ಒಪ್ಪಿಗೆ ಬೇಕೆಂದು ಕೇಳಿದ್ದರು. ಕಾಯ್ದೆಯಲ್ಲಿ ಅಂತಹ ಅವಕಾಶವಿಲ್ಲ, ನಾವು ಸೇರಿಸಲಾರೆವು ಎಂದ ಸುಪ್ರೀಂ ಕೋರ್ಟ್, 1996ರ ಡಿಸೆಂಬರ್‌ನಲ್ಲಿ ಕಾರ್ಯದರ್ಶಿ ಮತ್ತು ಸಮಿತಿಯ ವ್ಯವಸ್ಥೆಯನ್ನು ಹಾಕಿಕೊಟ್ಟಿತು. ತಾತ್ಕಾಲಿಕ ಎಂದು ಕಟ್ಟಿದ ಚಪ್ಪರವೇ ಮನೆಯಾಯಿತು. 2007ರಲ್ಲಿ ಅದನ್ನೇ ನಿಯಮ ಮಾಡಿದರು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ ತಂದಾಗಲೂ ಅದೇ ಚಪ್ಪರ.

ವಿದೇಶವಾಸಿ
ನ್ಯಾಯಾಧೀಶರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಅಮೆರಿಕದ ಕಡೆ ಒಮ್ಮೆ ನೋಡಿ. ಎಫ್‌ಬಿಐ 1956ರಿಂದ 1971ರವರೆಗೆ ಕೊಇಂಟೆಲ್‌ಪ್ರೊ ಎಂಬ ಹೆಸರಿನಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರ ಬೆನ್ನುಬಿದ್ದಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಬೆದರಿಕೆಯ ಅನಾಮಧೇಯ ಪತ್ರವನ್ನೂ ಕಳುಹಿಸಿತು. ಇದು ಬಯಲಾದದ್ದು 1971ರಲ್ಲಿ ಕೆಲವರು ಎಫ್‌ಬಿಐನ ಒಂದು ಸಣ್ಣ ಕಚೇರಿಗೇ ಕನ್ನ ಹಾಕಿ ಕಡತಗಳನ್ನು ಪತ್ರಿಕೆಗಳಿಗೆ ಕಳುಹಿಸಿದ್ದರಿಂದ. ಆಮೇಲೆ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು, 1978ರಲ್ಲಿ ಗುಪ್ತಚರ ಕದ್ದಾಲಿಕೆಗೆಂದೇ ಒಂದು ರಹಸ್ಯ ನ್ಯಾಯಾಲಯ ಹುಟ್ಟಿತು. ಆ ನ್ಯಾಯಾಲಯ ಮೊದಲ ಮೂರು ದಶಕಗಳಲ್ಲಿ ಸಾವಿರಾರು ಅರ್ಜಿಗಳನ್ನು ಒಪ್ಪಿ, ತಿರಸ್ಕರಿಸಿದ್ದು ಬೆರಳೆಣಿಕೆಯಷ್ಟು. 2013ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡಿದ್ದ ಸ್ನೋಡೆನ್ ಹೊರಗೆಡಹಿದ ದೂರವಾಣಿ ದಾಖಲೆಗಳ ರಾಶಿಗೂ ಅದೇ ನ್ಯಾಯಾಲಯದ ಆದೇಶವಿತ್ತು. ಒಂದೇ ಪಕ್ಷದ ವಾದ ಕೇಳಿ ಮುದ್ರೆ ಒತ್ತುವವರು ಕಪ್ಪು ಕೋಟು ತೊಟ್ಟರೇನು, ಬಿಳಿ ಅಂಗಿ ತೊಟ್ಟರೇನು?

ತುಂಗಾತೀರ
ಹಾಗಾದರೆ ಕೈಚೆಲ್ಲಿ ಕೂರುವುದೇ?

ವಿದೇಶವಾಸಿ
ಹಾಗೆನ್ನಲಿಲ್ಲ. ನನಗೆ ಇಷ್ಟವಾದದ್ದು ಜರ್ಮನಿಯ ಒಂದು ಕ್ರಮ. ಆಲಿಸುವುದು ಮುಗಿದ ಮೇಲೆ, ತನಿಖೆಗೆ ಧಕ್ಕೆಯಿಲ್ಲ ಎಂದಾದಾಗ, ಇಂತಿಂಥ ಅವಧಿಯಲ್ಲಿ ನಿಮ್ಮ ಮಾತು ಕೇಳಿದ್ದೆವು ಎಂದು ಆ ವ್ಯಕ್ತಿಗೇ ತಿಳಿಸಬೇಕು. ಕ್ಲಾಸ್ ಎಂಬವರ ಮೊಕದ್ದಮೆಯ 1978ರ ತೀರ್ಪಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಅಮೆರಿಕದಲ್ಲೂ ಸಾಮಾನ್ಯ ಅಪರಾಧಗಳ ತನಿಖೆಯಲ್ಲಿ, 1968ರ ಕಾಯ್ದೆಯ ಪ್ರಕಾರ, ಕದ್ದಾಲಿಕೆ ಮುಗಿದ 90 ದಿನಗಳೊಳಗೆ ತಿಳಿಸುವುದು ನಿಯಮ, ನ್ಯಾಯಾಧೀಶರು ಮುಂದೂಡಬಹುದು. ವರ್ಷಕ್ಕೆ ಎಷ್ಟು ಆದೇಶ ಎಂಬ ಲೆಕ್ಕವನ್ನೂ ಪ್ರಕಟಿಸುತ್ತಾರೆ. ಮುಂದೊಂದು ದಿನ ಇವನಿಗೆ ಗೊತ್ತಾಗುತ್ತದೆ ಎಂದಿದ್ದರೆ ಸಹಿ ಹಾಕುವ ಕೈ ಸ್ವಲ್ಪವಾದರೂ ಯೋಚಿಸುತ್ತದೆ.

ಕೆರೆದಂಡೆ
ನನ್ನ ಪ್ರಶ್ನೆಯೂ ಇದೇ! ಈಗಲೇ ಹೇಳಿ ಎಂದು ನಾನು ಕೇಳುತ್ತಿಲ್ಲ. ಎಂದಾದರೂ ಹೇಳಿ.

ಖಾಕಿ ನಿವೃತ್ತ
ನಿಜವಾದ ಗೂಢಚಾರನಿಗೂ ಹೀಗೆ ಪತ್ರ ಬರೆದು ತಿಳಿಸಬೇಕೇ? “ಮಾನ್ಯರೇ, ಆರು ತಿಂಗಳು ತಮ್ಮನ್ನು ಆಲಿಸಿದೆವು, ಏನೂ ಸಿಗಲಿಲ್ಲ, ಕ್ಷಮಿಸಿ.” ಅವನು ಮರುದಿನವೇ ದಾರಿ ಬದಲಿಸುತ್ತಾನೆ.

ವಿದೇಶವಾಸಿ
ಧಕ್ಕೆಯಿಲ್ಲ ಎಂದಾದಾಗ ಮಾತ್ರ ಎಂದು ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು ಓದಿ.

ಖಾಕಿ ನಿವೃತ್ತ
ಹಾಕಿಕೊಂಡೇ ಓದಿದೆ. ಧಕ್ಕೆಯಿಲ್ಲ ಎಂದು ಹೇಳುವವರು ಮತ್ತೆ ನಾವೇ ಅಲ್ಲವೇ?

ರಂಗಶಂಕರಿ
ಜಗಳ ನಿಲ್ಲಿಸಿ ಒಂದು ನಿಮಿಷ. ಕದ್ದಾಲಿಕೆ ಎಂದರೆ ನಮ್ಮ ತಲೆಮಾರಿಗೆ ಮೊದಲು ನೆನಪಾಗುವುದು 1988. ರಾಮಕೃಷ್ಣ ಹೆಗಡೆಯವರು ಅದೇ ಆರೋಪದ ಮೇಲೆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ನಮ್ಮ ತಂದೆ ರೇಡಿಯೊ ಮುಂದೆ ಕುಳಿತು, “ಇಷ್ಟಕ್ಕೆಲ್ಲ ಮುಖ್ಯಮಂತ್ರಿ ಹೋಗಬೇಕೇ?” ಎಂದಿದ್ದರು. ಅವರು ಹೆಗಡೆಯವರ ಅಭಿಮಾನಿ.

ಅಂಕಿಸಂಖ್ಯೆ
1991ರಲ್ಲಿ ಕೇಂದ್ರ ಸರ್ಕಾರವೂ ಬಿತ್ತು ಮೇಡಂ. ರಾಜೀವ್ ಗಾಂಧಿಯವರ ಮನೆಯ ಹತ್ತಿರ ಹರಿಯಾಣದ ಇಬ್ಬರು ಪೊಲೀಸರು ಸಿಕ್ಕಿಬಿದ್ದರೆಂಬ ಗಲಾಟೆಯಲ್ಲಿ ಚಂದ್ರಶೇಖರ್ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ದೊಡ್ಡವರ ಮೇಲೆ ಕಣ್ಣಿಟ್ಟರೆ ಸರ್ಕಾರ ಬೀಳುತ್ತದೆ, ಕೆರೆ ಸಮಿತಿಯ ಮೇಲೆ ಇಟ್ಟರೆ ಒಂದು ಸಾಲಿನ ಉತ್ತರ ಬರುತ್ತದೆ.

ತುಂಗಾತೀರ
ಈಗ ಸರ್ಕಾರವೂ ಬೀಳುವುದಿಲ್ಲ ಬಿಡಿ. 2019ರಲ್ಲಿ ನಮ್ಮ ರಾಜ್ಯದ್ದೇ ಕದ್ದಾಲಿಕೆ ಆರೋಪ ಸಿಬಿಐಗೆ ಹೋಯಿತು. ಪೆಗಾಸಸ್ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, ಐದರಲ್ಲಿ ಯಾವುದೋ ಕುತಂತ್ರಾಂಶ ಇತ್ತು, ಪೆಗಾಸಸ್ ಎಂದು ಖಚಿತವಾಗಿ ಹೇಳಲಾಗದು, ಸರ್ಕಾರ ಸಹಕರಿಸಲಿಲ್ಲ ಎಂದಿತು. 2022ರ ಆಗಸ್ಟ್‌ನಲ್ಲಿ ಅದನ್ನು ನ್ಯಾಯಾಲಯದಲ್ಲಿ ಓದಿ ಹೇಳಿದ ದಿನ ಒಂದಿಷ್ಟು ಸುದ್ದಿಯಾಯಿತು, ಮುಗಿಯಿತು.

ಬಿಟ್‌ಬೈಟ್
ಎಲ್ಲರೂ ಮಾತು ಕೇಳುವುದರ ಬಗ್ಗೆಯೇ ಬರೆಯುತ್ತಿದ್ದೀರಿ. ಇಂದು ಮಾತಿಗಿಂತ ಸಿಡಿಆರ್, ಅಂದರೆ ಕರೆ ವಿವರಗಳ ದಾಖಲೆ, ದೊಡ್ಡದು. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಟವರಿನ ಕೆಳಗಿನಿಂದ. ಅದಕ್ಕೆ ಗೃಹ ಕಾರ್ಯದರ್ಶಿಯ ಸಹಿ ಬೇಕಿಲ್ಲ, ಎಸ್‌ಪಿ ಹುದ್ದೆಯವರ ಕೋರಿಕೆ ಸಾಕು. ನೀವು ವಾರಕ್ಕೆ ಎರಡು ಸಲ ಮನೋವೈದ್ಯರಿಗೆ ಫೋನ್ ಮಾಡುತ್ತೀರಿ ಎಂದು ತಿಳಿದ ಮೇಲೆ ಏನು ಮಾತಾಡಿದಿರಿ ಎಂದು ಕೇಳಿಸಿಕೊಳ್ಳುವ ಅಗತ್ಯವೇನಿದೆ?

ಖಾಕಿ ನಿವೃತ್ತ
ಇದು ನಿಜ. ನನ್ನ ಸೇವೆಯಲ್ಲಿ ಪತ್ತೆಯಾದ ಕೊಲೆಗಳಲ್ಲಿ ಹೆಚ್ಚಿನವು ಸಿಡಿಆರ್‌ನಿಂದಲೇ ಪತ್ತೆಯಾದವು. ಅದನ್ನು ಹಣಕ್ಕೆ ಮಾರಿಕೊಂಡು ಸಿಕ್ಕಿಬಿದ್ದ ಸಹೋದ್ಯೋಗಿಯೂ ಒಬ್ಬನಿದ್ದ. ಗಂಡ ಹೆಂಡಿರ ಜಗಳಕ್ಕೆ ಮಾರಿದ್ದ. ನಾಚಿಕೆಗೇಡು.

ಹಳೆಯ ಲೈನ್‌ಮನ್
ಖಾಕಿಯವರು ಇದನ್ನು ತಾವಾಗಿಯೇ ಹೇಳಿದ್ದಕ್ಕೆ ನಮಸ್ಕಾರ. ನನ್ನ ಜಂಪರ್ ತಂತಿಯ ಕಾಲದಲ್ಲಿ ನಾನೊಬ್ಬನಾದರೂ ನಡುವೆ ನಿಂತಿದ್ದೆ. ಈಗ ಎಲ್ಲ ಯಂತ್ರವಂತೆ. ಕಂಪನಿಯವರಿಗೂ ತಿಳಿಯುವುದಿಲ್ಲವಂತೆ, ಹೌದೇ?

ಬಿಟ್‌ಬೈಟ್
ಕೇಂದ್ರೀಕೃತ ನಿಗಾ ವ್ಯವಸ್ಥೆ, ಸಿಎಂಎಸ್, ಬಂದದ್ದೇ ಅದಕ್ಕೆ. ಕಂಪನಿಯ ನೋಡಲ್ ಅಧಿಕಾರಿಯ ಕೈಯಿಂದ ಆಗುತ್ತಿದ್ದ ಕೆಲಸವನ್ನು ತಪ್ಪಿಸಿ ನೇರವಾಗಿ ಮಾಡುವುದು. ಸೋರಿಕೆ ಕಡಿಮೆಯಾಗುತ್ತದೆ ಎಂದು ಸರ್ಕಾರ ಹೇಳುತ್ತದೆ, ಅದರಲ್ಲಿ ಅರ್ಧ ಸತ್ಯವೂ ಇದೆ.

ಕಲಂ ಇಪ್ಪತ್ತೊಂದು
ಆ ನಡುವಿನ ಮನುಷ್ಯನನ್ನು ಹಗುರವಾಗಿ ಕಾಣಬೇಡಿ. ರಾಜಕಾರಣಿ ಅಮರ್ ಸಿಂಗ್ ಅವರ ಫೋನ್ ಕದ್ದಾಲಿಕೆ ಪ್ರಕರಣದಲ್ಲಿ ಕಂಪನಿಗೆ ಬಂದ ಆದೇಶಪತ್ರವೇ ನಕಲಿ. ಅದರ ತುಂಬ ತಪ್ಪುಗಳು. ಅಷ್ಟು ತಪ್ಪುಗಳನ್ನು ನೋಡಿಯಾದರೂ ಕಂಪನಿಗೆ ಅನುಮಾನ ಬರಬೇಕಿತ್ತು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಕಾಗುಣಿತ ಬಲ್ಲ ಒಬ್ಬ ಗುಮಾಸ್ತ ಇದ್ದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು.

ಆದರೆ ನನ್ನ ಪ್ರಕಾರ ದೊಡ್ಡ ತೂತು ಇರುವುದು ಬೇರೆ ಕಡೆ. ನಿಯಮ ಮುರಿದು ಕದ್ದಾಲಿಸಿದರೂ ಆ ಧ್ವನಿಮುದ್ರಣ ಸಾಕ್ಷ್ಯವಾಗಿ ನಡೆಯುತ್ತದೆ. 1972ರ ಮಲ್ಕಾನಿ ತೀರ್ಪಿನಿಂದ ಹಿಡಿದು, ಸಂಸತ್ ದಾಳಿ ಮೊಕದ್ದಮೆಯ 2005ರ ತೀರ್ಪಿನವರೆಗೂ ಅದೇ ದಾರಿ. ಕದ್ದ ಹಣ್ಣಾದರೂ ಸಿಹಿಯಾಗಿದ್ದರೆ ಸರಿ! ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದ ಮೇಲೆ ಸ್ವಲ್ಪ ಗಾಳಿ ಬದಲಾಗಿದೆ. ಲಂಚದ ಪ್ರಕರಣವೊಂದರಲ್ಲಿ ಮೂರು ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ರದ್ದುಮಾಡಿ ಮುದ್ರಣಗಳನ್ನು ನಾಶಪಡಿಸಲು ಹೇಳಿತು. 2025ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ, ಲಂಚದ ಪತ್ತೆ ಸಾರ್ವಜನಿಕ ತುರ್ತು ಪರಿಸ್ಥಿತಿಯಲ್ಲ ಎಂದು ಅಂಥದೇ ಆದೇಶವನ್ನು ಹೊಡೆದುಹಾಕಿತು. ಆದರೆ ಇವರಿಗೆ ಗೊತ್ತಾದದ್ದು ಮೊಕದ್ದಮೆ ಹೂಡಿದ್ದರಿಂದ. ಮೊಕದ್ದಮೆಯೇ ಇಲ್ಲದ ಕೆರೆದಂಡೆಯವರಿಗೆ ಗೊತ್ತಾಗುವುದು ಹೇಗೆ?

ರಂಗಶಂಕರಿ
2017ರ ಆ ತೀರ್ಪಿನ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು.

ಗುಬ್ಬಚ್ಚಿ
ಎಂಬತ್ತರಲ್ಲಿ ಅವರು ಸುಪ್ರೀಂ ಕೋರ್ಟ್‌ಗೆ ಹೋದರು, ಮೂವತ್ತರಲ್ಲಿ ನಾನು ಸ್ಟಾರ್ ಹ್ಯಾಷ್ ಒತ್ತುತ್ತಿದ್ದೇನೆ.

ಕಲಂ ಇಪ್ಪತ್ತೊಂದು
1962ರ ಖರಕ್ ಸಿಂಗ್ ಮೊಕದ್ದಮೆಯನ್ನೂ ಓದಿ, ಆಸಕ್ತಿಯಿದ್ದರೆ. ಪೊಲೀಸರು ರಾತ್ರಿ ಅವನ ಮನೆಯ ಕದ ತಟ್ಟುವುದನ್ನು ಬಹುಮತ ತಪ್ಪು ಎಂದಿತು, ಹಿಂಬಾಲಿಸುವುದನ್ನು ಬಿಟ್ಟುಕೊಟ್ಟಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಯಾರೋ ನೋಡುತ್ತಿದ್ದಾರೆ ಎಂಬ ಅರಿವೇ ಮನಸ್ಸಿಗೆ ಕಟ್ಟುವ ಬೇಡಿ ಎಂಬುದು ಅವರ ಭಿನ್ನಮತದ ತಿರುಳು. 2017ರಲ್ಲಿ ಗೆದ್ದದ್ದು ಆ ಭಿನ್ನಮತ.

ಕೆರೆದಂಡೆ
ಎಲ್ಲರಿಗೂ ಒಂದು ವಿಷಯ ತಿಳಿಸಬೇಕು, ಸ್ವಲ್ಪ ಮುಜುಗರದಿಂದಲೇ. ಖಾಕಿಯವರ ಮಾತು ಕೊರೆಯುತ್ತಿತ್ತು. ನಿನ್ನೆ ಗೆಳೆಯನನ್ನು ಕೂರಿಸಿ ಕೇಳಿದೆ. ಆ ರಾತ್ರಿ ನಾನು ಫೋನ್ ಮಾಡಿದಾಗ ಅವನು ಒಂದು ಮದುವೆಯ ಆರತಕ್ಷತೆಯಲ್ಲಿದ್ದನಂತೆ. ಪಕ್ಕದಲ್ಲಿ ಅವನ ಭಾವ. ಭಾವನ ಕೆಲಸ ಎಲ್ಲಿ ಎಂದು ನೀವೇ ಊಹಿಸಿ. ಗದ್ದಲವಿತ್ತೆಂದು ಸ್ಪೀಕರ್ ಹಾಕಿಕೊಂಡಿದ್ದನಂತೆ, “ಇದ್ದರೂ ಇರಬಹುದು, ನೆನಪಿಲ್ಲ” ಎನ್ನುತ್ತಾನೆ.

ಖಾಕಿ ನಿವೃತ್ತ
ಹೇಳಲಿಲ್ಲವೇ! ಮನುಷ್ಯರ ಬಾಯಿ.

ತುಂಗಾತೀರ
ಇದ್ದರೂ ಇರಬಹುದು ಎಂದರೆ ಇಲ್ಲದೆಯೂ ಇರಬಹುದು.

ಕೆರೆದಂಡೆ
ಹೌದು, ಖಚಿತವಿಲ್ಲ. ಆದರೆ ಈ ಎರಡು ತಿಂಗಳು ನಾನು ಫೋನಿನಲ್ಲಿ ಕೆರೆಯ ಹೆಸರೆತ್ತಿಲ್ಲ. ತಂಗಿ ಫೋನ್ ಮಾಡಿ ಗಂಡನ ಮನೆಯ ಕಷ್ಟ ಹೇಳಿಕೊಳ್ಳಲು ಶುರುಮಾಡಿದರೆ, “ಬಂದಾಗ ಮಾತಾಡೋಣ” ಎಂದು ತಡೆದಿದ್ದೇನೆ. ಅವಳು ಬೇಜಾರು ಮಾಡಿಕೊಂಡು ಈಗ ಫೋನ್ ಮಾಡುವುದನ್ನೇ ಬಿಟ್ಟಿದ್ದಾಳೆ. ಸಮಿತಿಯ ಇಬ್ಬರು ಸಭೆಗೆ ಬರುವುದನ್ನು ನಿಲ್ಲಿಸಿದರು. “ಇಲ್ಲ, ನಿಮ್ಮ ಮೇಲೆ ಆದೇಶವಿಲ್ಲ” ಎಂದು ಒಂದು ಸಾಲು ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಖಾಕಿ ನಿವೃತ್ತ
ಆ ಒಂದು ಸಾಲು ಬರೆಯಲು ಬರುವುದಿಲ್ಲ. ಆದೇಶ ಇಲ್ಲದವರಿಗೆಲ್ಲ ಇಲ್ಲ ಎಂದು ಬರೆದರೆ, ಬರೆಯದೆ ಉಳಿದವನಿಗೆ ಹೌದು ಎಂದು ತಿಳಿಯುತ್ತದೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೆರೆಯ ಕಲ್ಲುಗಳ ಫೋಟೊ ತೆಗೆದಿರೋ ಇಲ್ಲವೋ?

ಕೆರೆದಂಡೆ
ಗುರುವಾರ ಹೋಗಲೇ ಇಲ್ಲ ಸರ್. ಈಗ ಹೋದರೆ ಕಲ್ಲೂ ಇಲ್ಲ.

ಹಳೆಯ ಲೈನ್‌ಮನ್
ತಂಗಿಗೆ ಮೊದಲು ಫೋನ್ ಮಾಡಿ.